ಕೊನೆಯ ಇಂಜೆಕ್ಷನ್ ಕೊಟ್ಟಿದ್ದು ನಾನು, ಮಗಳಿಗೆ ಏನು ಹೇಳಲಿ?

ಪ್ರಶ್ನೆ: ಮೇಡಂ, ನಾನು ಸ್ಟಾಫ್ ನರ್ಸ್. ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಯಿತು. ನಮ್ಮ ವಾರ್ಡಿನಲ್ಲಿ 68 ವರ್ಷದ ಒಬ್ಬ ಅಮ್ಮ ಮೂರು ವಾರ ಇದ್ದರು. ಕ್ಯಾನ್ಸರ್ ಮೂಳೆಗೆ ಹರಡಿತ್ತು. ಒಂಬತ್ತು ದಿನದಿಂದ ನಾಲ್ಕು ಗಂಟೆಗೊಮ್ಮೆ ನೋವಿಗೆ ಮಾರ್ಫಿನ್ ನಡೆಯುತ್ತಿತ್ತು. ಕೊನೆಯ ಮೂರು ದಿನ ನುಂಗಲು ಆಗುತ್ತಿರಲಿಲ್ಲ, ಹಾಗಾಗಿ ಚರ್ಮದಡಿಗೆ ಇಂಜೆಕ್ಷನ್. ಆ ದಿನ ಬೆಳಗ್ಗೆಯಿಂದಲೇ ಉಸಿರು ನಿಂತು ನಿಂತು ಬರುತ್ತಿತ್ತು. ಗಂಟಲಲ್ಲಿ ಗೊರ ಗೊರ ಶಬ್ದ. ಸಂಜೆ 6 ಗಂಟೆಯ ಡೋಸ್ ನಾನೇ ಕೊಟ್ಟೆ. ಮಗಳು ಎರಡು ರಾತ್ರಿಯಿಂದ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ‘ಸ್ವಲ್ಪ ಹೊರಗೆ ಕಾಲಾಡಿಸಿ ಬನ್ನಿ, ನಾನು ಇಲ್ಲೇ ಇರ್ತೀನಿ’ ಎಂದೆ. ಅವರು ಹೋಗಿ ಹತ್ತು ನಿಮಿಷ ಆಗಿರಲಿಲ್ಲ, ಅಮ್ಮ ತೀರಿಕೊಂಡರು. ಆಗ 6.40. ಮಗಳು ಬಂದವರು ಅಳಲಿಲ್ಲ. ‘ಸಿಸ್ಟರ್, ಆ ಇಂಜೆಕ್ಷನ್‌ನಿಂದಲೇ ಹೀಗಾಯ್ತಾ?’ ಎಂದು ಕೇಳಿದರು. ನನಗೆ ಮಾತು ಬರಲಿಲ್ಲ, ಅಳು ಬಂತು. ಹಿರಿಯ ಸಿಸ್ಟರ್ ಪಕ್ಕಕ್ಕೆ ಕರೆದು, ‘ಪೇಷೆಂಟ್ ಕಡೆಯವರ ಮುಂದೆ ನರ್ಸ್ ಅಳಬಾರದು’ ಎಂದು ಬೈದರು. ಓದುವಾಗ ದುಃಖಕ್ಕೆ ಐದು ಹಂತ ಎಂದು ಕಲಿತಿದ್ದೆ. ಮಗಳು ಅಳದೇ ಇದ್ದದ್ದು ಮೊದಲ ಹಂತವಾ? ಈಗ ಎರಡು ವಾರವಾಗಿದೆ. ಮಗಳು ವಾರ್ಡಿಗೆ ಫೋನ್ ಮಾಡಿ ನನ್ನನ್ನು ಕೇಳಿದ್ದಾರಂತೆ. ವಾಪಸ್ ಮಾಡಲು ಭಯ. ಮನೆಗೆ ಹೋದರೂ ಆ ಉಸಿರಿನ ಶಬ್ದ ಕಿವಿಯಲ್ಲೇ ಇದೆ. ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲವೇನೋ ಅನ್ನಿಸುತ್ತಿದೆ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಪ್ರಶ್ನೆ ಮೂರ್ನಾಲ್ಕು ಇವೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಒಂದೇ ಎಂದು ಕಾಣುತ್ತದೆ: ‘ಅದು ನನ್ನ ಕೈಯಿಂದ ಆಯ್ತಾ?’ ಮೊದಲು ಅದನ್ನೇ ನೋಡೋಣ. ಅಳು, ಐದು ಹಂತ, ಫೋನು ಎಲ್ಲ ಆಮೇಲೆ.

ಒಂದು ಸಣ್ಣ ಲೆಕ್ಕ ಹಾಕಿ. ನಾಲ್ಕು ಗಂಟೆಗೊಮ್ಮೆ ಔಷಧಿ ನಡೆಯುತ್ತಿರುವ ರೋಗಿ ಯಾವ ಹೊತ್ತಿಗೆ ತೀರಿಕೊಂಡರೂ, ಅದಕ್ಕೆ ಹಿಂದಿನ ನಾಲ್ಕು ಗಂಟೆಯೊಳಗೆ ಒಂದು ಡೋಸ್ ಹೋಗಿಯೇ ಇರುತ್ತದೆ. ಅದನ್ನು ಯಾರೋ ಒಬ್ಬ ನರ್ಸ್ ಕೊಟ್ಟಿರಲೇಬೇಕು. ಅಂದರೆ ‘ಕೊನೆಯ ಇಂಜೆಕ್ಷನ್’ ಎನ್ನುವುದು ಇದ್ದೇ ಇರುತ್ತದೆ. ಅದು ಕೊನೆಯದು ಎಂದು ಕೊಡುವಾಗ ಯಾರಿಗೂ ಗೊತ್ತಿರುವುದಿಲ್ಲ. ಆ ಸಂಜೆ ಡ್ಯೂಟಿಯಲ್ಲಿ ಬೇರೆಯವರು ಇದ್ದಿದ್ದರೆ ಈ ಪತ್ರ ಅವರು ಬರೆಯುತ್ತಿದ್ದರು.

ಆದರೂ ಮಾರ್ಫಿನ್ ಉಸಿರು ನಿಲ್ಲಿಸುತ್ತದೆ ಎನ್ನುವ ಮಾತು ಪೂರ್ತಿ ಸುಳ್ಳಲ್ಲ. ಪೂರ್ತಿ ಸುಳ್ಳಾಗಿದ್ದರೆ ಇಷ್ಟು ವರ್ಷ ಬಾಳುತ್ತಿರಲಿಲ್ಲ. ಹಿಂದೆಂದೂ ತೆಗೆದುಕೊಳ್ಳದವರಿಗೆ ಒಮ್ಮೆಲೇ ದೊಡ್ಡ ಡೋಸ್ ಹೋದರೆ ಉಸಿರಾಟ ಕುಸಿಯಬಹುದು. ಆದರೆ ದಿನವೂ ಅಳತೆ ಪ್ರಕಾರ ತೆಗೆದುಕೊಳ್ಳುತ್ತಿದ್ದವರಲ್ಲಿ ಉಸಿರಿನ ಮೇಲಿನ ಆ ಪರಿಣಾಮಕ್ಕೆ ಮೈ ಬೇಗ ಒಗ್ಗಿಕೊಳ್ಳುತ್ತದೆ. ನೋವಿಗೆ ತಕ್ಕ ಹಾಗೆ ಅಳೆದು ಕೊಟ್ಟ ಮಾರ್ಫಿನ್ ಆಯಸ್ಸು ಕಡಿಮೆ ಮಾಡುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ನೋವು ಬಂದ ಮೇಲೆ ಕೊಡಬಾರದು, ಬರುವ ಮುಂಚೆಯೇ ಗಂಟೆ ನೋಡಿ ಕೊಡಬೇಕು ಎಂಬುದನ್ನು ಗಟ್ಟಿಯಾಗಿ ನೆಲೆಗೊಳಿಸಿದವರು ಸಿಸಿಲಿ ಸಾಂಡರ್ಸ್. 1967ರಲ್ಲಿ ಲಂಡನ್ನಿನಲ್ಲಿ, ಸಾವಿನ ಹತ್ತಿರವಿರುವ ರೋಗಿಗಳನ್ನು ನೋಡಿಕೊಳ್ಳುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ಶುರು ಮಾಡಿದವರು. ಅವರು ಡಾಕ್ಟರ್ ಆಗಿದ್ದು ಆಮೇಲೆ. ಮೊದಲು ನರ್ಸ್ ಆಗಿದ್ದವರು. ನರ್ಸ್ ಆದ ನನಗೆ ಈ ವಿಷಯ ಹೇಳುವಾಗೆಲ್ಲ ಸ್ವಲ್ಪ ಹೆಮ್ಮೆ.

ಆದರೆ ನಿಮ್ಮನ್ನು ಸುಮ್ನೆ ಸಮಾಧಾನ ಮಾಡುವುದಕ್ಕೆ ಇದನ್ನು ಹೇಳುತ್ತಿಲ್ಲ. ಕೇಸ್ ಶೀಟ್ ನಾನು ನೋಡಿಲ್ಲ. ನೀವು ಒಮ್ಮೆ ಇನ್‌ಚಾರ್ಜ್ ಸಿಸ್ಟರ್ ಜೊತೆ ಕೂತು ತೆಗೆದು ನೋಡಿ. ನಾನಾದರೆ ಮೊದಲು ನೋಡುವುದು 6 ಗಂಟೆಯ ಡೋಸನ್ನಲ್ಲ. ಮೂರು ದಿನದ ಹಿಂದೆ ಬಾಯಿಯಿಂದ ಇಂಜೆಕ್ಷನ್‌ಗೆ ಬದಲಾಯಿಸಿದ ದಿನವನ್ನು. ತಪ್ಪು ಆಗುವುದು ಅಂಥ ತಿರುವಿನಲ್ಲಿ. ಇಂಜೆಕ್ಷನ್ ಜಾಸ್ತಿ ಕೆಲಸ ಮಾಡುವುದರಿಂದ, ಬಾಯಿಂದ ಕೊಡುತ್ತಿದ್ದದರ ಅರ್ಧ ಅಥವಾ ಮೂರನೇ ಒಂದು ಭಾಗ ಸಾಕು. ಅಷ್ಟೇ ಮಿಲಿಗ್ರಾಂ ಮುಂದುವರಿಸಿದರೆ ಎರಡು ಮೂರು ಪಟ್ಟು ಕೊಟ್ಟ ಹಾಗೆ. ಎರಡನೆಯದು ಕಿಡ್ನಿ. ಅದು ಸರಿಯಾಗಿ ಕೆಲಸ ಮಾಡದಿದ್ದರೆ ಮಾರ್ಫಿನ್ ಒಡೆದು ಉಂಟಾಗುವ ಅಂಶಗಳು ಮೈಯಲ್ಲಿ ಉಳಿಯುತ್ತವೆ. ಕೈಕಾಲು ಜಗ್ಗುವುದು, ಕನವರಿಸುವುದು, ಎಬ್ಬಿಸಿದರೂ ಏಳದ ಮಂಪರು ಕಾಣುತ್ತವೆ. ಇವೆರಡೂ ಸರಿ ಇದ್ದು, ಡೋಸ್ ಹಿಂದಿನದೇ ಆಗಿದ್ದರೆ, ಒಂಬತ್ತು ದಿನ ಸುಮ್ಮನಿದ್ದ ಔಷಧಿ ಆ ಸಂಜೆ ಮಾತ್ರ ಪ್ರಾಣ ತೆಗೆಯಿತು ಎನ್ನುವುದಕ್ಕೆ ಅರ್ಥವಿಲ್ಲ. ಏನಾದರೂ ಹೆಚ್ಚುಕಡಿಮೆ ಕಂಡರೆ ಮುಚ್ಚಿಡಬೇಡಿ, ವೈದ್ಯರಿಗೆ ತಿಳಿಸಿ, ವರದಿ ಮಾಡಿ. ಮಗಳ ಜೊತೆ ಮಾತಾಡುವ ಮುಂಚೆ ಆಗಬೇಕಾದ ಕೆಲಸ ಇದು. ಚಾರ್ಟ್ ನೋಡದೆ ‘ಇಲ್ಲಮ್ಮ, ಏನೂ ಆಗಿಲ್ಲ’ ಎನ್ನುವುದು ಆಮೇಲೆ ಮುಳ್ಳಾಗಬಹುದು.

ನೀವೇ ಬರೆದಿದ್ದೀರಲ್ಲ, ಬೆಳಗ್ಗೆಯಿಂದ ಉಸಿರು ನಿಂತು ನಿಂತು ಬರುತ್ತಿತ್ತು ಎಂದು. ನನಗೆ ಅದೇ ದೊಡ್ಡ ಸುಳಿವು. ಉಸಿರು ಮೆಲ್ಲಗೆ ಏರುತ್ತದೆ, ಜೋರಾಗುತ್ತದೆ, ಇಳಿಯುತ್ತದೆ, ಹತ್ತಿಪ್ಪತ್ತು ಸೆಕೆಂಡು ನಿಂತುಬಿಡುತ್ತದೆ. ಮತ್ತೆ ಶುರು. ಇದನ್ನು ಚೇನ್-ಸ್ಟೋಕ್ಸ್ ಉಸಿರಾಟ ಎಂದು ಓದಿದ್ದೀರಿ. ವೈದ್ಯರಾದ ಜಾನ್ ಚೇನ್ ಇದನ್ನು ಬರೆದಿಟ್ಟದ್ದು 1818ರಲ್ಲಿ, ವಿಲಿಯಂ ಸ್ಟೋಕ್ಸ್ 1854ರಲ್ಲಿ. ಮಾರ್ಫಿನ್ ಜಾಸ್ತಿಯಾದರೆ ಸಾಮಾನ್ಯವಾಗಿ ಮೊದಲು ಮಂಪರು ಏರುತ್ತದೆ, ಆಮೇಲೆ ಉಸಿರು ತೀರಾ ನಿಧಾನವಾಗುತ್ತದೆ, ನಿಮಿಷಕ್ಕೆ ಎಂಟಕ್ಕಿಂತ ಕೆಳಗೆ ಬರುತ್ತದೆ. ಅಲೆಯ ಹಾಗೆ ಏರಿಳಿದು ನಿಲ್ಲುವುದು ಬೇರೆ. ಆ ಅಮ್ಮನ ಮೈ ನಿಮ್ಮ ಸಿರಿಂಜಿಗಿಂತ ಎಷ್ಟೋ ಗಂಟೆ ಮುಂಚೆ ಹೊರಡಲು ಶುರು ಮಾಡಿತ್ತು.

ಮಗಳಿಗೆ ಇದನ್ನು ಬೆಳಗ್ಗೆಯೇ ಯಾರಾದರೂ ಹೇಳಿದ್ದರಾ? ಪತ್ರದಲ್ಲಿ ಆ ಮಾತಿಲ್ಲ. ಹೇಳಿರಲಿಕ್ಕಿಲ್ಲ ಎಂದುಕೊಳ್ಳುತ್ತೇನೆ. ನಿಮ್ಮ ಮೇಲೆ ಆರೋಪ ಹೊರಿಸುವುದಕ್ಕೆ ಕೇಳುತ್ತಿಲ್ಲ. ಇಪ್ಪತ್ತೆರಡು ವರ್ಷ, ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಪ್ಯಾಲಿಯೇಟಿವ್ ಕೇರ್‌ನಲ್ಲಿ ಕೆಲಸ ಮಾಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇದೊಂದೇ: ಮನೆಯವರನ್ನು ಆಮೇಲೆ ವರ್ಷಗಟ್ಟಲೆ ಕಾಡುವುದು ಸಾವಷ್ಟೇ ಅಲ್ಲ. ಕೊನೆಯ ಎರಡು ದಿನದಲ್ಲಿ ಕಣ್ಣಿಗೆ ಬಿದ್ದು, ಯಾಕೆ ಎಂದು ಯಾರೂ ಹೇಳದೆ ಉಳಿದ ಸಂಗತಿಗಳು. ಕಾರಣ ಸಿಗದ ಕಡೆ ಮನಸ್ಸು ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತದೆ. ಹೆಚ್ಚಾಗಿ ಅದು ‘ನಾನು ಹೀಗೆ ಮಾಡಬಾರದಿತ್ತು’ ಅಥವಾ ‘ಅವರು ಏನೋ ಮಾಡಿಬಿಟ್ಟರು’ ಎಂದೇ ಆಗಿರುತ್ತದೆ. ಮಗಳು ನಿಮ್ಮನ್ನು ಕೇಳಿದ ಪ್ರಶ್ನೆಯೂ ಅಲ್ಲಿಂದಲೇ ಬಂದದ್ದು. ಅವರು ಕಂಡದ್ದು ಎರಡೇ ವಿಷಯ, ಇಂಜೆಕ್ಷನ್ ಮತ್ತು ಸಾವು. ಎರಡನ್ನೂ ಸೇರಿಸಿ ಹೊಲಿದರು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಆ ಗೊರ ಗೊರ ಶಬ್ದವನ್ನೇ ನೋಡಿ. ಎಚ್ಚರ ಕಡಿಮೆಯಾದಾಗ ಗಂಟಲಿಗೆ ಬಂದ ಎಂಜಲು, ಕಫವನ್ನು ನುಂಗುವ ಅಥವಾ ಕೆಮ್ಮಿ ತೆಗೆಯುವ ಶಕ್ತಿ ಇರುವುದಿಲ್ಲ. ಗಾಳಿ ಅದರ ಮೇಲೆ ಹಾದು ಶಬ್ದ ಬರುತ್ತದೆ. ಕೇಳುವವರಿಗೆ ‘ಅಮ್ಮ ಉಸಿರು ಕಟ್ಟಿ ಒದ್ದಾಡುತ್ತಿದ್ದಾರೆ’ ಅನ್ನಿಸುತ್ತದೆ. ಆ ಹಂತದ ರೋಗಿಗೆ ಅದರ ಅರಿವು ಇರುವ ಸಾಧ್ಯತೆ ತೀರಾ ಕಡಿಮೆ. ಹುಬ್ಬು ಗಂಟಿಕ್ಕಿಲ್ಲ, ಮುಖ ಸಡಿಲವಾಗಿದೆ ಎಂದರೆ ಅದನ್ನು ಮನೆಯವರಿಗೆ ತೋರಿಸಬಹುದು. ಒಂದು ಮಗ್ಗುಲಿಗೆ ತಿರುಗಿಸಿ, ತಲೆ ಸ್ವಲ್ಪ ಎತ್ತರಿಸಿದರೆ ಎಷ್ಟೋ ಸಲ ಶಬ್ದ ತಗ್ಗುತ್ತದೆ. ಗ್ಲೈಕೋಪೈರೋಲೇಟ್, ಹಯೋಸಿನ್ ಥರದ ಔಷಧಿ ಹೊಸದಾಗಿ ಕಫ ಸೇರುವುದನ್ನು ಕಡಿಮೆ ಮಾಡಬಹುದು, ಆಗಲೇ ಸೇರಿರುವುದನ್ನು ಒಣಗಿಸುವುದಿಲ್ಲ. ಆಳಕ್ಕೆ ಟ್ಯೂಬ್ ಹಾಕಿ ಪದೇ ಪದೇ ಸಕ್ಷನ್ ಮಾಡುವುದು, ಅಂದರೆ ಕಫ ಎಳೆದು ತೆಗೆಯುವುದು, ನನಗೆ ಹಿಡಿಸದು. ಶಬ್ದ ಐದು ನಿಮಿಷ ನಿಲ್ಲುತ್ತದೆ, ರೋಗಿಗೆ ಹಿಂಸೆಯಾಗುತ್ತದೆ. ನಿಮ್ಮ ಕಿವಿಯಲ್ಲಿ ಇನ್ನೂ ಉಳಿದಿರುವ ಶಬ್ದ ಇದೇ ಅಲ್ವಾ? ಅದು ಆ ಅಮ್ಮನ ಸಂಕಟದ ಶಬ್ದ ಅಲ್ಲ ಎನ್ನುವುದನ್ನು ನೀವೂ ಒಮ್ಮೆ ನಿಮಗೇ ಹೇಳಿಕೊಳ್ಳಬೇಕು.

ಊಟದ ಕಥೆಯೂ ಇಷ್ಟೇ. ಬಹಳ ಜನರಲ್ಲಿ ‘ಅಮ್ಮನನ್ನು ಉಪವಾಸ ಸಾಯಿಸಿಬಿಟ್ಟೆವು’ ಎನ್ನುವ ನೋವು ಉಳಿಯುತ್ತದೆ. ತಿನ್ನದೇ ಇದ್ದದ್ದಕ್ಕೆ ಸಾವು ಬಂದದ್ದಲ್ಲ, ಸಾವು ಹತ್ತಿರ ಬಂದದ್ದಕ್ಕೆ ಮೈ ಊಟ ಕೇಳುವುದನ್ನು ಬಿಟ್ಟದ್ದು. ಒತ್ತಾಯ ಮಾಡಿ ಬಾಯಿಗೆ ಹಾಕಿದರೆ ಶ್ವಾಸಕೋಶಕ್ಕೆ ಹೋಗುವ ಅಪಾಯ. ಡ್ರಿಪ್ ಏರಿಸಿದರೆ ಕೆಲವರಲ್ಲಿ ಊತ, ಕಫ ಜಾಸ್ತಿಯಾಗುತ್ತದೆ. ಒಣಗಿದ ಬಾಯನ್ನು ಒದ್ದೆ ಮಾಡುವುದು, ತುಟಿಗೆ ಸವರುವುದು, ಇವನ್ನು ಮಗಳ ಕೈಗೇ ಕೊಡಿ. ಮಾಡಲು ಒಂದು ಕೆಲಸ ಇದ್ದರೆ ಕೂತಿರುವುದು ಸುಲಭ.

ಮುಂದಿನ ಸಲಕ್ಕೆ ಹೇಳುತ್ತೇನೆ. ಉಸಿರು ಬದಲಾದ ಕೂಡಲೇ ಮನೆಯವರ ಪಕ್ಕ ಕೂತುಕೊಳ್ಳಿ. ನಿಂತು ಹೇಳಬೇಡಿ. ‘ಉಸಿರು ಬದಲಾಗಿರೋದು ನೀವೂ ಗಮನಿಸಿರಬೇಕು. ಇದು ಸಾವು ಹತ್ತಿರ ಬಂದಾಗ ಕಾಣುವ ಬದಲಾವಣೆ. ಗಂಟೆಗಳಿರಬಹುದು, ಒಂದೆರಡು ದಿನ ಇರಬಹುದು. ಕೈಕಾಲು ತಣ್ಣಗಾಗಬಹುದು, ಮೊಣಕಾಲಿನ ಹತ್ತಿರ ನೀಲಿ ಮಚ್ಚೆ ಕಾಣಬಹುದು. ಔಷಧಿ ನೋವಿಗೆ ಕೊಡುತ್ತೇವೆ, ಹೊತ್ತು ಹೊತ್ತಿಗೆ ಮುಂದುವರಿಸುತ್ತೇವೆ. ಔಷಧಿ ಕೊಟ್ಟ ಸ್ವಲ್ಪ ಹೊತ್ತಿಗೇ ಉಸಿರು ನಿಲ್ಲಲೂಬಹುದು. ಹಾಗಾದರೆ ಔಷಧಿಯಿಂದ ಆಯ್ತು ಅಂದುಕೊಳ್ಳಬೇಡಿ.’ ಈ ಕೊನೆಯ ಎರಡು ವಾಕ್ಯ ಮುಂಚೆಯೇ ಹೇಳಿದರೆ ವಿವರಣೆ. ಸಾವಾದ ಮೇಲೆ ಹೇಳಿದರೆ ಅದೇ ಮಾತು ಸಮಜಾಯಿಷಿಯ ಹಾಗೆ ಕೇಳುತ್ತದೆ. ವ್ಯತ್ಯಾಸ ಹೊತ್ತಿನದು, ಅಷ್ಟೆ.

ಹೀಗೆ ಮುಂಚೆ ಹೇಳುವುದರಲ್ಲಿ ಅಪಾಯವೂ ಇದೆ. ಗಂಟೆ ಲೆಕ್ಕ ಹೇಳಿ ತಪ್ಪಿದರೆ ನಂಬಿಕೆ ಹೋಗುತ್ತದೆ. ‘ಇವತ್ತು ರಾತ್ರಿ ಕಳೆಯಲ್ಲ’ ಎಂದು ನಾನು ಹೇಳಿದ ಒಬ್ಬರು ಆರು ದಿನ ಇದ್ದರು. ಮನೆಯವರು ಆರು ದಿನವೂ ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ. ಇನ್ನು ಕೆಲವರು ಕೇಳಲು ತಯಾರಿರುವುದಿಲ್ಲ. ಅದಕ್ಕೇ ಮೊದಲು ‘ಮುಂದೆ ಏನಾಗಬಹುದು ಅಂತ ಹೇಳಲಾ?’ ಎಂದು ಕೇಳಿ. ಬೇಡ ಎಂದರೆ ಬಿಡಿ, ಮನೆಯಲ್ಲಿ ಬೇರೆ ಯಾರಿಗೆ ಹೇಳಲಿ ಎಂದು ಕೇಳಿ.

ಆ ಹತ್ತು ನಿಮಿಷದ ವಿಷಯ. ಹಗಲು ರಾತ್ರಿ ಕೂತಿದ್ದವರು ಎದ್ದು ಹೋದ ಗಳಿಗೆಯಲ್ಲೇ ಪ್ರಾಣ ಹೋಗುವುದನ್ನು ಈ ಕೆಲಸ ಮಾಡುವ ಎಲ್ಲರೂ ಕಂಡಿದ್ದೇವೆ. ‘ನೀವು ಹೋಗಲಿ ಅಂತಲೇ ಕಾಯ್ತಿದ್ದರು’ ಎಂದು ನರ್ಸ್‌ಗಳು ಹೇಳುವುದೂ ಉಂಟು. ಕೇಳಲು ಚೆನ್ನಾಗಿದೆ, ಕೆಲವರಿಗೆ ಸಮಾಧಾನವೂ ಆಗುತ್ತದೆ. ಆದರೆ ನಾನು ಹೇಳುವುದಿಲ್ಲ. ಅದು ನಿಜವೋ ಅಲ್ಲವೋ ತಿಳಿಯುವ ದಾರಿ ಇಲ್ಲ. ಅದೂ ಅಲ್ಲದೆ, ‘ಅಮ್ಮನಿಗೆ ನಾನಿರುವುದು ಬೇಡವಾಗಿತ್ತಾ?’ ಎಂದು ಅದೇ ಮಾತು ತಿರುಗಿ ಚುಚ್ಚಬಹುದು. ‘ಹೀಗಾಗುವುದು ಬಹಳ ಸಾಮಾನ್ಯ’ ಎಂದರೆ ಸಾಕು. ನೀವು ಹೊರಗೆ ಕಳುಹಿಸಿದ್ದು ತಪ್ಪೂ ಅಲ್ಲ. ಎರಡು ರಾತ್ರಿ ಕೂತವರಿಗೆ ಹಾಗೆ ಹೇಳದ ನರ್ಸ್ ಯಾರಿದ್ದಾರೆ? ಒಂದು ಮಾತು ಮಾತ್ರ ಸೇರಿಸಬಹುದಿತ್ತು: ‘ನೀವಿಲ್ಲದಾಗಲೂ ಆಗಬಹುದು. ಹೋಗುವ ಮುಂಚೆ ಅಮ್ಮನಿಗೆ ಹೇಳಿ ಹೋಗಿ.’

ಪ್ರತಿಕ್ರಿಯೆ ಇಲ್ಲದವರಿಗೆ ಹೇಳಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಾಸ್ಪೀಸ್‌ನಲ್ಲಿದ್ದು, ಕೊನೆಯ ಗಂಟೆಗಳಲ್ಲಿ ಪ್ರತಿಕ್ರಿಯೆಯೇ ಇಲ್ಲದ ರೋಗಿಗಳ ಮಿದುಳಿನ ಅಲೆಗಳನ್ನು ಇಇಜಿ ಹಾಕಿ ನೋಡಿದ್ದರು. ಕೆಲವರ ಮಿದುಳು ಸ್ವರ ಬದಲಾದಾಗ ಆರೋಗ್ಯವಂತರ ಮಿದುಳಿನ ಹಾಗೆಯೇ ಸ್ಪಂದಿಸಿತ್ತು. ಮಾತು ಅರ್ಥವಾಗಿತ್ತು ಎಂದು ಅದರಿಂದ ಹೇಳಲಾಗದು. ಆದರೆ ಬೆಡ್ಡಿನ ಪಕ್ಕ ನಿಂತು ‘ಇವರಿಗೇನೂ ಕೇಳಿಸಲ್ಲ’ ಎಂದು ಮಾತಾಡದಿರಲು ಅಷ್ಟು ಸಾಕು.

ಈಗ ಐದು ಹಂತ. ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಇದಕ್ಕೆ ಸಿಕ್ಕಿರುವ ಮಹತ್ವವೇ ಜಾಸ್ತಿಯಾಯಿತು. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಬರೆದದ್ದು. ಅವರು ಮಾತಾಡಿಸಿದ್ದು ತಾವೇ ಸಾವಿನ ಹತ್ತಿರವಿದ್ದ ರೋಗಿಗಳನ್ನು, ಕಳೆದುಕೊಂಡ ಮನೆಯವರನ್ನಲ್ಲ. ಮೆಟ್ಟಿಲಿನ ಹಾಗೆ ಒಂದಾದ ಮೇಲೊಂದು ಬರುತ್ತವೆ ಎನ್ನುವುದು ಆಮೇಲೆ ಪಾಠ ಪುಸ್ತಕಗಳಲ್ಲಿ ಗಟ್ಟಿಯಾದದ್ದು. ಪರೀಕ್ಷೆಯಲ್ಲಿ ಬರೆಯಿರಿ, ವಾರ್ಡಿಗೆ ತರಬೇಡಿ. ನನ್ನ ಅನುಭವಕ್ಕೆ ಹತ್ತಿರವಾದದ್ದು ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶೂಟ್ 1999ರಲ್ಲಿ ಹೇಳಿದ ಮಾತು. ದುಃಖದಲ್ಲಿರುವವರು ಎರಡು ಕಡೆಗೆ ಜೀಕುತ್ತಿರುತ್ತಾರಂತೆ. ಒಂದು ಕಡೆ ಹೋದವರ ನೆನಪು, ಅಳು. ಇನ್ನೊಂದು ಕಡೆ ಬಿಲ್ಲು ಕಟ್ಟುವುದು, ಫೋನ್ ಮಾಡುವುದು, ನಾಳೆಯ ಕೆಲಸ. ಬೆಳಗ್ಗೆ ಅತ್ತವರು ಮಧ್ಯಾಹ್ನ ನಗಬಹುದು. ಎರಡೂ ನಿಜ.

ಹಾಗಾದರೆ ಮಗಳು ಯಾಕೆ ಅಳಲಿಲ್ಲ? ನಿದ್ದೆ ಇಲ್ಲದೆ ಎರಡು ರಾತ್ರಿ ಕಳೆದವರು. ಬಹುಶಃ ವಾರಗಳಿಂದ ಒಳಗೊಳಗೇ ಅತ್ತು ಮುಗಿಸಿದವರು. ಇಂಥ ಕಾಯಿಲೆಯಲ್ಲಿ ದುಃಖ ಸಾವಿಗೆ ಮುಂಚೆಯೇ ಶುರುವಾಗಿರುತ್ತದೆ. ಅಥವಾ ಸುಮ್ನೆ ಮರಗಟ್ಟಿ ಹೋಗಿದ್ದರು. ಅವರು ನಿರಾಕರಣೆಯಲ್ಲಿ ಇರಲಿಲ್ಲ ಎನ್ನುವುದಂತೂ ಸ್ಪಷ್ಟ. ಸಾವನ್ನು ಒಪ್ಪದವರು ಅದರ ಕಾರಣ ಕೇಳುವುದಿಲ್ಲ.

ನಿಮ್ಮ ಅಳುವಿನ ಬಗ್ಗೆ ನಿಮ್ಮ ಹಿರಿಯ ಸಿಸ್ಟರ್ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಪೂರ್ತಿ ತಳ್ಳಿಯೂ ಹಾಕುವುದಿಲ್ಲ. ನಾನು ಇಟ್ಟುಕೊಂಡಿರುವ ಅಳತೆ ಒಂದೇ. ನನ್ನ ಅಳು ನೋಡಿ ಮನೆಯವರು ನನ್ನನ್ನೇ ಸಮಾಧಾನ ಮಾಡಬೇಕಾಯಿತಾ? ಹಾಗಾದರೆ ನಾನು ಅಲ್ಲಿಂದ ಎದ್ದು ಹೋಗಬೇಕಿತ್ತು. ಕಣ್ಣು ತುಂಬಿ ಬಂದರೆ, ಗಂಟಲು ಕಟ್ಟಿದರೆ ಅದರಿಂದ ಯಾರಿಗೂ ತೊಂದರೆ ಇಲ್ಲ. ಎಷ್ಟೋ ಮನೆಯವರು ವರ್ಷಗಳ ನಂತರ ‘ಆ ಸಿಸ್ಟರ್ ಕಣ್ಣಲ್ಲೂ ನೀರಿತ್ತು’ ಎಂದು ನೆನೆದಿದ್ದಾರೆ. ನಿಮ್ಮ ವಿಷಯದಲ್ಲಿ ಆದ ತೊಡಕು ಬೇರೆ. ಅವರು ‘ಇಂಜೆಕ್ಷನ್‌ನಿಂದಲಾ?’ ಎಂದರು, ನೀವು ಉತ್ತರ ಕೊಡದೆ ಅತ್ತಿರಿ. ಅವರಿಗೆ ಆ ಅಳುವೇ ‘ಹೌದು’ ಎಂದು ಕೇಳಿಸಿರಬಹುದು. ಫೋನ್ ಬಂದಿರುವುದು ಇದಕ್ಕೇ ಇರಬಹುದು.

ಹಿರಿಯರು ಯಾಕೆ ಹಾಗೆ ಗದರುತ್ತಾರೆ ಎನ್ನುವುದಕ್ಕೆ ಹಳೆಯದೊಂದು ಅಧ್ಯಯನವಿದೆ. ಇಸಾಬೆಲ್ ಮೆಂಝೀಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಒಂದು ಆಸ್ಪತ್ರೆಯ ನರ್ಸ್‌ಗಳನ್ನು ನೋಡಿ 1960ರಲ್ಲಿ ಬರೆದರು. ಸಂಕಟ ತಟ್ಟದಿರಲಿ ಎಂದು ಇಡೀ ವ್ಯವಸ್ಥೆಯೇ ಗೋಡೆ ಕಟ್ಟಿಕೊಂಡಿತ್ತಂತೆ. ಒಬ್ಬ ರೋಗಿಯ ಕೆಲಸವನ್ನು ಹತ್ತು ಜನಕ್ಕೆ ಹಂಚುವುದು, ಹೆಸರಿನ ಬದಲು ‘ಹತ್ತನೇ ಬೆಡ್ಡಿನ ಲಿವರ್’ ಎನ್ನುವುದು. ಆ ಗೋಡೆಯಿಂದ ಆತಂಕ ಹೋಗಲಿಲ್ಲ, ಕೆಲಸದ ಸುಖ ಹೋಯಿತು. ನಾವೂ ‘ನಾಲ್ಕನೇ ಬೆಡ್ ಎಕ್ಸ್‌ಪೈರಿ’ ಎಂದು ಸಾವಿನ ಸುದ್ದಿಯನ್ನು ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಕೊಡುತ್ತೇವೆ ಅಲ್ವಾ? ನಿಮ್ಮ ಸಿಸ್ಟರ್ ಕಟುಕರಲ್ಲ. ಅವರಿಗೂ ಒಂದು ಕಾಲದಲ್ಲಿ ಯಾರೋ ಹೀಗೇ ಗದರಿದ್ದಾರೆ.

ನನ್ನ ಮೊದಲ ಸಾವಿನ ದಿನ ನಾನು ಅಳಲೂ ಇಲ್ಲ. ರೋಗಿ ತೀರಿಕೊಂಡು ಐದು ನಿಮಿಷವಾಗಿತ್ತು, ನಾನು ಡ್ರಿಪ್ಪಿನ ಹನಿ ಎಣಿಸುತ್ತಾ ನಿಂತಿದ್ದೆ. ಕೈಗೆ ಏನು ಕೆಲಸ ಕೊಡಬೇಕೋ ತಿಳಿಯದೆ. ಹೆಂಡತಿ ನನ್ನನ್ನೇ ನೋಡುತ್ತಿದ್ದರು. ನಾನು ಹನಿ ಎಣಿಸುತ್ತಿದ್ದೇನೆ ಎಂದರೆ ಇನ್ನೂ ಜೀವ ಇದೆ ಎಂದುಕೊಂಡಿದ್ದರಂತೆ. ಅದಕ್ಕಿಂತ ಅತ್ತಿದ್ದರೇ ಒಳ್ಳೆಯದಿತ್ತು.

ಲಾಯಕ್ಕಿಲ್ಲ ಎಂದಿರಿ. ಮೂರು ವಾರ ಮೈ ಒರೆಸಿ, ಮಗ್ಗುಲು ಬದಲಿಸಿ, ರಾತ್ರಿ ಕೂತು ಮಾತಾಡಿದವರು ಹೋದಾಗ ನರ್ಸ್‌ಗೂ ದುಃಖ ಆಗುತ್ತದೆ. ಆದರೆ ನೀವು ಮಗಳಲ್ಲ, ಸೊಸೆಯಲ್ಲ. ನಿಮಗೆ ರಜೆ ಇಲ್ಲ, ನಿಮ್ಮನ್ನು ಯಾರೂ ಮಾತಾಡಿಸಲು ಬರುವುದಿಲ್ಲ. ಒಂದು ಗಂಟೆಯಲ್ಲಿ ಅದೇ ಬೆಡ್ಡಿಗೆ ಹೊಸ ಅಡ್ಮಿಷನ್. ಲೋಕ ಲೆಕ್ಕಕ್ಕಿಡದ ಇಂಥ ದುಃಖಕ್ಕೆ ಕೆನೆತ್ ಡೋಕಾ ಎನ್ನುವವರು 1989ರಲ್ಲಿ ಒಂದು ಹೆಸರನ್ನೇ ಕೊಟ್ಟರು, ಹಕ್ಕಿಲ್ಲದ ದುಃಖ ಎನ್ನುವ ಅರ್ಥದಲ್ಲಿ. ಇದಕ್ಕೆ ದೊಡ್ಡ ಏರ್ಪಾಡು ಬೇಕಿಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಒಂದು ಅಭ್ಯಾಸ ಶುರು ಮಾಡಿದರು. ರೋಗಿ ತೀರಿಕೊಂಡ ಮೇಲೆ ಅಲ್ಲಿರುವವರೆಲ್ಲ ಒಂದು ನಿಮಿಷದಷ್ಟು ಹೊತ್ತು ಸುಮ್ಮನೆ ನಿಲ್ಲುವುದು. ಅಷ್ಟೇ. ನಾನಿದ್ದ ವಾರ್ಡಿನಲ್ಲೂ ಮಾಡಿದ್ದೇವೆ, ಖರ್ಚಿಲ್ಲ. ಎಲ್ಲರನ್ನೂ ಕೂರಿಸಿ ‘ಏನನ್ನಿಸಿತು ಹೇಳಿ’ ಎಂದು ಒತ್ತಾಯ ಮಾಡುವ ಸಭೆ ಮಾತ್ರ ಬೇಡ. ಅಂಥ ಒಂದು ಸಲದ ಒತ್ತಾಯದ ಮಾತುಕತೆಯಿಂದ ಆಘಾತ ತಡೆಯಲು ಆಗುವುದಿಲ್ಲ, ಕೆಲವರಿಗೆ ಕೆಟ್ಟದ್ದೂ ಆಗಬಹುದು.

ನಿದ್ದೆ ಇನ್ನೂ ಎರಡು ಮೂರು ವಾರ ಹೀಗೇ ಇದ್ದರೆ, ಆ ಬೆಡ್ಡಿನ ಹತ್ತಿರ ಹೋಗಲು ಕಾಲು ಬರದಿದ್ದರೆ, ಮಾರ್ಫಿನ್ ಕೊಡುವಾಗ ಕೈ ನಡುಗಿ ಡೋಸ್ ತಪ್ಪಿಸಬೇಕು ಅನ್ನಿಸಿದರೆ ಕೌನ್ಸೆಲರ್ ಅಥವಾ ವೈದ್ಯರನ್ನು ಕಾಣಿ. ಕೊನೆಯದನ್ನು ಲಘುವಾಗಿ ಹೇಳುತ್ತಿಲ್ಲ. ನಿಮ್ಮ ಭಯದ ಬೆಲೆಯನ್ನು ಮುಂದಿನ ರೋಗಿ ನೋವಿನಲ್ಲಿ ಕಟ್ಟುವ ಹಾಗಾಗಬಾರದು. ಸತ್ತೇ ಹೋಗೋಣ ಎನ್ನುವ ಯೋಚನೆ ಒಮ್ಮೆ ಬಂದರೂ ಕಾಯಬೇಡಿ, ಅವತ್ತೇ ಹೋಗಿ.

ಇನ್ನು ಫೋನ್. ದಾರಿ ಮೂರಿವೆ. ಸುಮ್ಮನಿರುವುದು ಒಂದು. ನಿಮಗೆ ಇವತ್ತು ಸುಲಭ, ಆದರೆ ಮಗಳ ಅನುಮಾನ ಖಚಿತವಾಗುತ್ತದೆ. ನಿಮ್ಮ ಸ್ವಂತ ನಂಬರಿನಿಂದ ಒಬ್ಬರೇ ಮಾತಾಡುವುದು ಎರಡನೆಯದು. ಮನಸ್ಸು ಒಳ್ಳೆಯದೇ. ಆದರೆ ಡೋಸ್, ಕಾಯಿಲೆ ಬಗ್ಗೆ ಕೇಳಿದರೆ ಚಾರ್ಟ್ ಎದುರಿಗಿರುವುದಿಲ್ಲ, ಒಂದು ತಪ್ಪು ಮಾತು ದೂರಿನ ತನಕ ಹೋಗಬಹುದು. ಮಧ್ಯರಾತ್ರಿ ಫೋನ್ ಬರಲು ಶುರುವಾದರೆ ನಿಲ್ಲಿಸುವುದೂ ಕಷ್ಟ. ಮೂರನೆಯದು ಸ್ವಲ್ಪ ನಿಧಾನದ್ದು, ನಾನು ಹೇಳುವುದು ಅದನ್ನೇ. ಇನ್‌ಚಾರ್ಜ್ ಸಿಸ್ಟರ್‌ಗೆ, ನೋಡಿದ ವೈದ್ಯರಿಗೆ ಹೇಳಿ. ಆಸ್ಪತ್ರೆಯ ನಿಯಮ ಕೇಳಿಕೊಳ್ಳಿ. ಆಮೇಲೆ ವಾರ್ಡಿನ ಫೋನಿನಿಂದ ನೀವೇ ಕರೆ ಮಾಡಿ, ‘ನೀವು ಫೋನ್ ಮಾಡಿದ್ದಿರಂತೆ. ಅವತ್ತು ನಿಮ್ಮ ಪ್ರಶ್ನೆಗೆ ಉತ್ತರ ಹೇಳಲಿಲ್ಲ ನಾನು. ಬಂದರೆ ಡಾಕ್ಟರೂ ಇರುತ್ತಾರೆ, ಚಾರ್ಟ್ ಇಟ್ಟುಕೊಂಡು ಮಾತಾಡೋಣ’ ಎನ್ನಿ. ಬರಲು ಇಷ್ಟವಿಲ್ಲ ಎಂದರೆ ಫೋನಿನಲ್ಲೇ ಆಗಲಿ, ವೈದ್ಯರು ಪಕ್ಕದಲ್ಲಿರುವಾಗ.

ಬಂದಾಗ ಮಾತು ನೀವು ಶುರು ಮಾಡಬೇಡಿ, ಅವರಿಗೇನು ಗೊತ್ತಾಗಬೇಕು ಎಂದು ಕೇಳಿ. ‘ಹೋಗಿಬಿಟ್ಟರು’, ‘ನಮ್ಮನ್ನಗಲಿದರು’ ಎಂದು ಸುತ್ತಿ ಬಳಸದೆ ‘ತೀರಿಕೊಂಡರು’ ಎನ್ನಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, ಅವರಿಗೆ ಹೇಗೆ ಹೇಳಲಿ ಎಂದರೆ ‘ನಿದ್ದೆ ಮಾಡ್ತಿದ್ದಾರೆ’ ಎನ್ನಬೇಡಿ ಎಂದು ತಿಳಿಸಿ. ಆಮೇಲೆ ಆ ಮಗು ಮಲಗಲು ಹೆದರುತ್ತದೆ. ‘ಧೈರ್ಯ ತಗೊಳ್ಳಿ’, ‘ಕಾಲವೇ ಮದ್ದು’, ‘ನೀವೇ ಹೀಗಾದರೆ ಹೇಗೆ’ ಇವು ಬಾಯಿಗೆ ತಾನಾಗಿ ಬರುತ್ತವೆ, ಹಿಡಿದಿಡಿ. ಕೋಪ ಮಾಡಿಕೊಂಡರೆ ಎದುರು ಮಾತಾಡಬೇಡಿ. ಎರಡು ವಾರಕ್ಕೆ ಅವರ ದುಃಖ ಹೇಗಿದೆ ಎಂದು ತೂಗಲೂ ಹೋಗಬೇಡಿ, ತೀರಾ ಬೇಗ. ಅಂತರರಾಷ್ಟ್ರೀಯ ಕಾಯಿಲೆ ಪಟ್ಟಿಯಾದ ಐಸಿಡಿ-11 ಸಹ ಆರು ತಿಂಗಳು ದಾಟಿದ ಮೇಲೂ ದಿನದ ಬದುಕು ನಡೆಯದಷ್ಟು ತೀವ್ರವಾಗಿದ್ದರೆ ಮಾತ್ರ ಅದನ್ನು ಕಾಯಿಲೆ ಎನ್ನುತ್ತದೆ.

ಮತ್ತೆ, ಔಷಧಿಯ ಪ್ರಶ್ನೆಗೆ ವೈದ್ಯರೂ ಉತ್ತರ ಹೇಳಬಲ್ಲರು. ಆ ಹತ್ತು ನಿಮಿಷ ಕಂಡವರು ನೀವೊಬ್ಬರೇ. ಮಗಳು ಕೇಳಿದರೆ ಒಂದೂ ಬಿಡದೆ ಹೇಳಿ: ಅಮ್ಮ ಯಾವ ಮಗ್ಗುಲಿಗಿದ್ದರು, ಮುಖ ಹೇಗಿತ್ತು, ನಿಮ್ಮ ಕೈ ಎಲ್ಲಿತ್ತು, ಉಸಿರು ಹೇಗೆ ನಿಂತಿತು. ಕಾಣದ್ದನ್ನು ಸೇರಿಸಬೇಡಿ. ನೈಟ್ ಡ್ಯೂಟಿ ಮುಗಿಸಿದ ಬೆಳಗ್ಗೆ ಮಾತ್ರ ಈ ಭೇಟಿ ಇಟ್ಟುಕೊಳ್ಳಬೇಡಿ.